ನಾಲ್ಕು ಬಾಗಿಲಿನ ರೈಲು ಡಬ್ಬಿ

ಬೆಳಗಿನ ಸ್ನಾನ, ವಿಭೂತಿಧಾರಣೆ, ಇಷ್ಟಲಿಂಗಪೂಜೆಗಳು ಮುಗಿಯುವ ತನಕ ದೊಡ್ಡಬಸವರಾಜ ಮೇಷ್ಟ್ರು ಗರಗಸವನ್ನು ಮುಟ್ಟುತ್ತಿರಲಿಲ್ಲ. ಶಿವನನ್ನು ಹಿಡಿದ ಅಂಗೈಯ ಬಿಸುಪು ಆರುವ ಮೊದಲೇ ಉಪಕರಣ ಹಿಡಿದರೆ ಆ ಕೈ ಕಳ್ಳಗೆಲಸ ಮಾಡಲು ಹೆದರುತ್ತದೆಂದು ಅವರು ನಂಬಿದ್ದರು. ಬಳ್ಳಾರಿಯ ಗಾಂಧಿನಗರದ ಅವರ ಮನೆಯಲ್ಲಿ ದೇವರ ಕೋಣೆಗೂ ಕೆಲಸದ ಮೇಜಿಗೂ ನಡುವೆ ಒಂದೇ ಹೊಸ್ತಿಲು. ಅದನ್ನು ದಾಟಿದರೆ ಮೇಜಿನ ತುಂಬ ಆಟಿಕೆಯ ರೈಲು ಡಬ್ಬಿಗಳು, ಸಾಗವಾನಿ ಮರದ ಚಕ್ಕೆಗಳು, ಮೊಸರಿನ ಬಿಳುಪಿನ ಪ್ಲಾಸ್ಟಿಕ್ ಹಾಳೆಗಳು.

ಅವರು ಹುಟ್ಟಿದ್ದು ಕುರುಗೋಡಿನಲ್ಲಿ. ಆಯುಷ್ಯದ ಬಹುಭಾಗ ಸವೆಸಿದ್ದು ಸಿರುಗುಪ್ಪದ ಒಂದು ಪ್ರೌಢಶಾಲೆಯ ಕ್ರಾಫ್ಟ್ ಮೇಷ್ಟ್ರಾಗಿ. ಸಿರುಗುಪ್ಪಕ್ಕೆ ರೈಲು ಹಳಿ ಇಲ್ಲ. ಬತ್ತದ ಗದ್ದೆಗಳ ನಡುವೆ ಬೆಳೆದ ಮಕ್ಕಳಿಗೆ ರೈಲೆಂದರೆ ಪುಸ್ತಕದ ಚಿತ್ರ ಮಾತ್ರ. ಅವರಿಗೆ ತೋರಿಸಲೆಂದು ಒಮ್ಮೆ ಆಟಿಕೆಯ ಡಬ್ಬಿಯೊಂದನ್ನು ತಂದರೆ ಅದು ಪರದೇಶದ್ದು. ಕಿಟಕಿಗೆ ಕಂಬಿ ಇಲ್ಲ, ಒಳಗೆಲ್ಲ ಮೆತ್ತನೆಯ ಕುರ್ಚಿ. ನಮ್ಮ ರೈಲು ಹೀಗಿರುವುದಿಲ್ಲವೆಂದು ದಿನವೂ ಹೇಳಿಕೊಂಡು ನಿಲ್ಲುವ ಬದಲು ಅದನ್ನೇ ನಮ್ಮದನ್ನಾಗಿ ಮಾಡೋಣವೆಂದು ಚಾಕು ಹಿಡಿದವರು, ನಿವೃತ್ತರಾದ ಮೇಲೂ ಅದನ್ನು ಕೆಳಗಿಡಲಿಲ್ಲ.

ಅವರ ಕೈಗೆ ಒಗ್ಗಿದ ವಸ್ತುಗಳು ಎರಡೇ. ಒಂದು ಮರ, ಇನ್ನೊಂದು ಸ್ಟೈರೀನ್ ಎಂಬ ಆ ಬಿಳಿ ಹಾಳೆ. ಬ್ರೂಸ್‌ಪೇಟೆಯಲ್ಲಿ ನಾಮಫಲಕ ಮಾಡುವ ಪರಶು ಅದನ್ನು ತರಿಸಿಕೊಡುತ್ತಿದ್ದ. ಚಾಕುವಿನಿಂದ ಗೀರಿ ಮಡಿಚಿದರೆ ಅದು ಗೆರೆ ಹಿಡಿದು ಮುರಿಯುತ್ತದೆ. ಒಂದು ಹನಿ ದ್ರಾವಣ ಮುಟ್ಟಿಸಿದರೆ ತುಂಡಿಗೆ ತುಂಡು ಕರಗಿ ಬೆಸೆಯುತ್ತದೆ. ಮೊದಮೊದಲು ಬಣ್ಣ ಬಳಿದ ಡಬ್ಬಿಯ ಛಾವಣಿಯೊಂದನ್ನು ಮೆಣಸಿನಕಾಯಿಯ ಜೊತೆ ಮಾಳಿಗೆಯ ಬಿಸಿಲಿಗೆ ಒಣಗಲು ಇಟ್ಟಿದ್ದರು. ಬಳ್ಳಾರಿಯ ಬಿಸಿಲು ಅದನ್ನು ಸಂಜೆಯೊಳಗೆ ಹಪ್ಪಳದಂತೆ ಮುದುರಿಸಿತು. ಅಂದಿನಿಂದ ಸ್ಟೈರೀನಿನ ಒಳಮೈಗೆಲ್ಲ ಮರದ ಪಟ್ಟಿಯ ಆಸರೆ ಕೊಡುವುದು ಅವರ ಪದ್ಧತಿಯಾಯಿತು.

ಈ ಎರಡು ವರ್ಷಗಳಿಂದ ಅವರು ಒಂದು ದೊಡ್ಡ ಡಬ್ಬಿಯ ಹಿಂದೆ ಬಿದ್ದಿದ್ದರು. ಸಿಕಂದರಾಬಾದಿನ ನಿವೃತ್ತ ರೈಲ್ವೆ ಗಾರ್ಡೊಬ್ಬರು, ತೋಟದಲ್ಲಿ ಹಳಿ ಹಾಕಿ ಓಡಿಸುವ ದೊಡ್ಡ ಆಟಿಕೆ ರೈಲಿನ ಎರಡು ಜರ್ಮನ್ ಡಬ್ಬಿಗಳನ್ನು ಕೊಟ್ಟಿದ್ದರು. ಒಂದೊಂದೂ ಮೊಳದುದ್ದ. ಎರಡನ್ನೂ ಅಡ್ಡಕ್ಕೆ ಕೊಯ್ದು, ಕೂಡಿಸಿ, ನಮ್ಮ ಸ್ಲೀಪರ್ ಡಬ್ಬಿಯ ಉದ್ದದ ಪ್ರಮಾಣಕ್ಕೆ ತಂದಿದ್ದರು. ನೆಲಕ್ಕೂ ಸೀಟುಗಳಿಗೂ ಮರ, ಗೋಡೆಗಳಿಗೆ ಸ್ಟೈರೀನ್. ಬೆಸುಗೆಯ ಜಾಗದಲ್ಲಿ ಡಬ್ಬಿ ಬಾಗದಿರಲೆಂದು ಒಂದು ಬದಿಯ ಗೋಡೆಯನ್ನು ಮಾತ್ರ ಇಡೀ ಸಾಗವಾನಿಯಿಂದ ಮಾಡಿದ್ದರು. ಅದು ಕುರುಗೋಡಿನ ಹಿರಿಯರ ಮನೆ ಇಳಿಸುವಾಗ ಉಳಿಸಿಕೊಂಡ ತಲಬಾಗಿಲಿನ ಹಲಗೆ. ಆ ಗೋಡೆಯಲ್ಲಿ ಅವರು ಕೆತ್ತಿದ, ಎತ್ತಿ ಇಳಿಸುವ ಕಿಟಕಿ ಮುಚ್ಚಳಗಳಾದ ಪಡಕುಗಳನ್ನು ನೋಡಿದವರು ಒಮ್ಮೆ ಉಗುರಿನಿಂದ ಎತ್ತಿ ನೋಡದೆ ಬಿಡುತ್ತಿರಲಿಲ್ಲ.

"ಏನ್ರೀ, ಒಲಿ ಮ್ಯಾಲಿನ ಹಾಲು ಉಕ್ಕಿ ನೆಲಕ್ಕ ಹರಿದೈತಿ, ಕಾಣ್ಲಿಲ್ಲೇನು?" ಎಂದು ಹಿತ್ತಲಿನಿಂದ ಒಳಗೆ ಬಂದ ಅವರ ಮಡದಿ ಸುನಂದಮ್ಮ ಅಡಿಗೆ ಮನೆಯಿಂದ ಕೇಳಿದರು.

"ಕಂಡೈತಿ. ಅಂಟು ಹಿಡಿಯೋ ತನಕ ಕೈ ಬಿಡಂಗಿಲ್ಲ."

"ಹಂಗಾದ್ರ ಇವತ್ತು ಚಾಕ್ಕ ಆ ಅಂಟೇ ಹಾಕ್ಕೊಳ್ರಿ."

ಇಂಥದೊಂದು ಬೆಳಿಗ್ಗೆಯೇ ಸಿರುಗುಪ್ಪದಿಂದ ಚಿನ್ನಪ್ಪ ಬಂದ. ಮೇಷ್ಟ್ರ ಹಳೆಯ ಶಿಷ್ಯ, ಈಗ ಅಕ್ಕಿ ಗಿರಣಿಯಲ್ಲಿ ಹಮಾಲಿ. ಜೊತೆಗೆ ಮಗಳು ಜ್ಯೋತಿಲಕ್ಷ್ಮಿ. ಕೂಸಾಗಿದ್ದಾಗಲೇ ಜ್ವರದಲ್ಲಿ ಕಣ್ಣು ಕಳೆದುಕೊಂಡ ಹುಡುಗಿ; ವಸತಿ ಶಾಲೆಯಲ್ಲಿದ್ದು ಪದವಿಯವರೆಗೆ ಓದಿದ್ದಳು. ಹುಬ್ಬಳ್ಳಿಯ ಒಂದು ಕಂಪನಿಯಲ್ಲಿ ಫೋನಿಗೆ ಉತ್ತರಿಸುವ ಕೆಲಸ ಸಿಕ್ಕಿತ್ತು. ವಾರವೆಲ್ಲ ಅಲ್ಲಿನ ಹಾಸ್ಟೆಲ್ಲು, ಶನಿವಾರ ಊರಿಗೆ. ಬಸ್ಸು ಹತ್ತಿದರೆ ಅವಳಿಗೆ ವಾಂತಿ. ಸಿರುಗುಪ್ಪದಿಂದ ಬಳ್ಳಾರಿಗೆ ಬರುವಷ್ಟರಲ್ಲೇ ಅರ್ಧ ಜೀವವಾಗುತ್ತಿದ್ದಳು. ಹುಬ್ಬಳ್ಳಿಗೆ ರೈಲೇ ಗತಿ.

"ನೀವೊಂದು ಮಾತು ಹೇಳ್ರಿ ಸಾರ್," ಎಂದ ಚಿನ್ನಪ್ಪ. "ವಾರ ವಾರ ನಾನು ಕರ್ಕೊಂಡು ಹೋಗಾಕ ಆಗಲ್ಲ. ಗಿರಣ್ಯಾಗ ನಾಕು ದಿನ ತಪ್ಪಿಸಿದ್ರ ಗುಂಪಿನಾಗ ಬ್ಯಾರೇದೋನ್ನ ಸೇರಿಸ್ಕೊಂತಾರ. ಒಬ್ಬಾಕಿನ್ನ ಕಳಿಸಾಕ ಎದಿ ಇಲ್ಲ. ಕೆಲಸ ಬ್ಯಾಡ ಅಂತ ಈಕಿಗೆ ನೀವೇ ಹೇಳ್ರಿ. ನನ್ನ ಮಾತು ಕೇಳಲ್ಲ."

"ಕೇಳಾಕಂತೇ ಬಂದೀನಿ," ಎಂದಳು ಜ್ಯೋತಿಲಕ್ಷ್ಮಿ. "ಆದ್ರ ತಾತ, ಮೊದಲು ಇದು ಹೇಳ್ರಿ. ಉಗುರಿನ ಬಣ್ಣದ ವಾಸನಿ ಬರ್ತೈತಲ್ಲ, ಏನದು?"

ಮೇಷ್ಟ್ರು ಉತ್ತರ ಹೇಳುವ ಬದಲು ಛಾವಣಿ ತೆಗೆದು ಡಬ್ಬಿಯನ್ನು ಅವಳ ಮಡಿಲಲ್ಲಿಟ್ಟರು. ಅವಳ ಬೆರಳುಗಳು ನೆಲದ ಪಟ್ಟಿಗಳ ಮೇಲೆ ಹರಿದವು, ಸೀಟಿನ ಅಂಚು ಹಿಡಿದು ಏರಿದವು, ಕಿಟಕಿಯ ಕಂಬಿಗಳನ್ನು ಒಂದೊಂದಾಗಿ ಮೀಟಿದವು. "ಒಳಗ ಇಷ್ಟೆಲ್ಲಾ ಇರ್ತೈತಾ?" ಎಂದಷ್ಟೇ ಕೇಳಿದಳು.

ಮೇಷ್ಟ್ರ ಮನಸ್ಸಿನಲ್ಲಿ ಏನೋ ಗಟ್ಟಿಯಾಗಿ ಕುಳಿತದ್ದು ಆಗಲೇ. ಎರಡು ವರ್ಷ ತಾವು ಯಾರಿಗಾಗಿ ಈ ಕೆಲಸ ಮಾಡುತ್ತಿದ್ದೇವೆಂದು ಅವರಿಗೇ ತಿಳಿದಿರಲಿಲ್ಲ, ಮಾಡಿಸುತ್ತಿದ್ದ ಶಿವನಿಗೆ ತಿಳಿದಿತ್ತು.

"ಲೇ ಚಿನ್ನಪ್ಪ, ಕೆಲಸಕ್ಕ ಸೇರೋದು ಮುಂದಿನ ತಿಂಗಳು ಅಲ್ಲೇನು? ಅಲ್ಲಿ ತನಕ ವಾರಕ್ಕ ಎರಡು ಸಲ ಈ ಕಡಿ ಬರೋರ ಜೊತಿ ಈಕಿನ್ನ ಕಳಿಸು, ಈ ಡಬ್ಬಿ ಮ್ಯಾಲೆ ನಾನು ಕಲಿಸ್ತೀನಿ. ಆಮ್ಯಾಲೆ ಖರೇ ರೈಲಿನಾಗ ಯಾರ ಕೈ ಹಿಡೀದಂಗ ತನ್ನ ಸೀಟಿನಾಗ ತಾನು ಹೋಗಿ ಕುಂತಳು ಅಂದ್ರ ಹುಬ್ಬಳ್ಳಿಗೆ ಕಳಿಸ್ತೀಯೋ ಇಲ್ಲೋ?"

ಚಿನ್ನಪ್ಪ ಮಗಳ ಮುಖ ನೋಡಿದ. "ಕುಂತ್ರ ಕಳಿಸ್ತೀನಿ. ಇಲ್ಲದಿದ್ರ ಈ ಮಾತು ಅಲ್ಲಿಗೆ ಮುಗೀಬೇಕು."

"ಮುಗೀಲಿ," ಎಂದಳು ಜ್ಯೋತಿಲಕ್ಷ್ಮಿ.

ಪಾಠ ಆರಂಭವಾಯಿತು. ಡಬ್ಬಿಯ ಒಂದು ತುದಿಯಲ್ಲಿ, ಸ್ಟೈರೀನ್ ಗೋಡೆಯ ಬದಿಗೆ, ಮೇಷ್ಟ್ರು ಒಂದು ಬಾಗಿಲನ್ನು ತೆರೆಯುವಂತೆ ಮಾಡಿದ್ದರು. ಉಳಿದ ಮೂರು ಬಾಗಿಲುಗಳು ಹಿತ್ತಾಳೆಯ ಹಿಡಿಕೆ ಅಂಟಿಸಿದ ಅಂದದ ಮುಚ್ಚು ಹಲಗೆಗಳು. ಸದಾ ಆ ಒಂದೇ ಬಾಗಿಲಿನಿಂದ ಪ್ರವೇಶ. ಕೈತೊಳೆಯುವ ಬೇಸಿನ್ನು ದಾಟಬೇಕು; ನಡುವಿನ ಓಣಿಯಲ್ಲಿ ಹೋಗುವಾಗ ಬಲಗೈಗೆ ಒಂಟಿ ಸೀಟುಗಳು, ಎಡಗೈಗೆ ಎದುರುಬದುರು ಸೀಟಿನ ಅಂಕಣಗಳು; ಮೂರನೆಯ ಅಂಕಣದಲ್ಲಿ ಅವಳ ಜಾಗ. ಕೆಲವು ಡಬ್ಬಿಗಳಲ್ಲಿ ಸೀಟಿನ ಪಕ್ಕ ಬೆರಳಿಗೆ ಸಿಗುವ ಬ್ರೈಲ್ ಅಂಕಿಗಳೂ ಇರುತ್ತವೆ, ಆದರೆ ಅವುಗಳ ತನಕ ಮೊದಲು ಹೋಗಿ ಮುಟ್ಟಬೇಕು. ಮೇಷ್ಟ್ರಿಗೆ ತಿಳಿದಿದ್ದ ಕಲಿಸುವ ದಾರಿ ಒಂದೇ. ಚಿಕ್ಕಂದಿನಲ್ಲಿ ಕುರುಗೋಡಿನ ಬಸವೇಶ್ವರನ ಗುಡಿಯಲ್ಲಿ ಅಜ್ಜ ಅವರ ಬಲಗೈಯನ್ನು ಕಲ್ಲಿಗೆ ತಾಗಿಸಿ ಪ್ರದಕ್ಷಿಣೆ ಹಾಕಿಸಿದ್ದನು: ದೇವರು ಬಲಕ್ಕಿರಲಿ, ಹೆಜ್ಜೆ ಹಿಂತಿರುಗದಿರಲಿ. ಅದನ್ನೇ ಹೇಳಿಕೊಡುತ್ತ ಅವರು ಜ್ಯೋತಿಲಕ್ಷ್ಮಿಯಿಂದಲೂ ಬಲಗೈ ಬಿಡದಂತೆ ಆ ಡಬ್ಬಿಯನ್ನು ಸುತ್ತಿಸಿದರು. ಕೆಲವೇ ವಾರಗಳಲ್ಲಿ ಅವಳು ಸುನಂದಮ್ಮನ ಜೊತೆ ಹರಟುತ್ತಲೇ ಬೆರಳನ್ನು ಮೂರನೆಯ ಅಂಕಣದಲ್ಲಿ ತಂದು ನಿಲ್ಲಿಸುತ್ತಿದ್ದಳು.

ಪರೀಕ್ಷೆಗೆ ಹೊಸಪೇಟೆಯ ತನಕ ಮೂವರಿಗೂ ಸೀಟು ಕಾಯ್ದಿರಿಸಿದರು; ಅದೃಷ್ಟಕ್ಕೆ ಅವಳಿಗೆ ಸಿಕ್ಕಿದ್ದೂ ಮೂರನೆಯ ಅಂಕಣವೇ. ಗಂಡಸರಿಬ್ಬರೂ ಹಿಂದೆ ಬರಬೇಕು, ಬಾಯಿ ಬಿಡಬಾರದು. ಬಳ್ಳಾರಿ ನಿಲ್ದಾಣಕ್ಕೆ ರೈಲು ಬಂದು, ಅವರು ನಿಂತ ಜಾಗವನ್ನು ದಾಟಿ ಮುಂದೆ ಹೋಗಿ ನಿಂತಿತು. ಜನ ನುಗ್ಗಿದರು. ಆ ನೂಕಿನಲ್ಲಿ ಜ್ಯೋತಿಲಕ್ಷ್ಮಿಯ ಕೋಲಿಗೆ ಸಿಕ್ಕಿದ್ದು ಡಬ್ಬಿಯ ಇನ್ನೊಂದು ತುದಿಯ ಬಾಗಿಲು. ಅವಳು ಹತ್ತಿದಳು. ಬಲಗೈ ಚಾಚಿದಳು. ಒಂಟಿ ಸೀಟಿನ ಅಂಚು ಇರಬೇಕಾದಲ್ಲಿ ಯಾರದೋ ಮೊಣಕಾಲು. ಕ್ಷಮೆ ಕೇಳಿ ಮುಂದೆ ಹೋದಳು. ಮತ್ತೆ ಮೊಣಕಾಲು, ಮತ್ತೆ ಒಂದು ಟಿಫಿನ್ ಡಬ್ಬಿ. ಎಡಕ್ಕೆ ತಿರುಗಿ ತನ್ನ ಅಂಕಣವೆಂದು ಕುಳಿತದ್ದು, ಒಂಟಿ ಸೀಟಿನಲ್ಲಿ ಮಲಗಿದ್ದ ಒಬ್ಬನ ಕಾಲ ಮೇಲೆ.

"ಕಣ್ಣು ಕಾಣಲ್ಲೇನಮ್ಮಾ?" ಎಂದು ಅವನು ಗದರಿದ. ನೋಡಿದ ಮೇಲೆ ಅವನಿಗೇ ನಾಚಿಕೆಯಾಯಿತು. "ಇಂಥೋರ್ನ ಒಬ್ರನ್ನೇ ಹತ್ತಿಸಿ ಮನಿಯೋರು ಎಲ್ಲಿ ಹಾಳಾಗಿ ಹೋದ್ರೋ," ಎಂದು ಎದುರಿನ ಹೆಂಗಸೊಬ್ಬಳು ಮರುಗಿದಳು.

ಮನೆಯವನು ಎರಡು ಹೆಜ್ಜೆ ಹಿಂದೆಯೇ ನಿಂತಿದ್ದ. ಚಿನ್ನಪ್ಪ ಮಗಳ ರಟ್ಟೆ ಹಿಡಿದು ಎಬ್ಬಿಸಿದ; ಹೊಸಪೇಟೆ ಬರುವ ತನಕ ಆ ರಟ್ಟೆ ಬಿಡಲಿಲ್ಲ. ಅಲ್ಲಿ ಇಳಿದ ಮೇಲೆ, "ಸಾರ್, ಮಾತು ಮುಗೀತು," ಎಂದು ಹೇಳಿ, ಬಸ್ಸು ವಿಚಾರಿಸಲು ಹೋದ.

ಕಲ್ಲು ಬೆಂಚಿನ ಮೇಲೆ ಮೇಷ್ಟ್ರೂ ಜ್ಯೋತಿಲಕ್ಷ್ಮಿಯೂ ಉಳಿದರು. ಅವಳು ಅಳುತ್ತಾಳೆಂದು ಅವರು ಹೆದರಿದ್ದರು. ಅವಳು ಲೆಕ್ಕ ಹಾಕುತ್ತಿದ್ದಳು.

"ತಾತ, ನೀವು ನನಗ ಗುಡಿ ಕಲಿಸಿದ್ರಿ," ಎಂದಳು. "ಗುಡಿಗೆ ಒಂದು ಮುಂದು, ಒಂದು ಹಿಂದು ಇರ್ತೈತಿ. ರೈಲಿಗೆ ಗರ್ಭಗುಡಿ ಎಲ್ಲೈತ್ರಿ? ಆ ಕಡಿಯಿಂದ ಹತ್ತಿದ್ರ ಆ ಕಡೀನ ಮುಂದು. ಬಲಕ್ಕಿರಾದು ಎಡಕ್ಕ ಬಂತು. ಮೂರನೇದು ಏಳನೇದಾತು."

ಮೇಷ್ಟ್ರು ತಲೆ ಕೆಳಗೆ ಹಾಕಿದರು. ಬರೀ ಮಾತಿನಲ್ಲಿ ತಿದ್ದಬಹುದಾದ ತಪ್ಪಲ್ಲ ಅದು. ಅವಳ ಬೆರಳಿಗೆ ಒಂದೇ ದಾರಿಯ ಅಭ್ಯಾಸವಾಗಿಬಿಟ್ಟಿದೆ; ಬೆರಳಿಗೆ ಹತ್ತಿದ ಅಭ್ಯಾಸವನ್ನು ಬೆರಳಿಂದಲೇ ಬಿಡಿಸಬೇಕು. ಅದಕ್ಕೆ ಡಬ್ಬಿಯ ನಾಲ್ಕು ಬಾಗಿಲೂ ತೆರೆಯಬೇಕು. ಎರಡು ತುದಿಗೂ ಬಾಗಿಲು ಕೊರೆದರೆ ಒಂದೇ ಹಲಗೆಯ ಆ ಗೋಡೆ ಡಬ್ಬಿಯ ಭಾರ ಹೊರಲಾರದು; ನಾಲ್ಕು ತೆರೆಯಬೇಕಾದರೆ ಸಾಗವಾನಿಯ ಆ ಗೋಡೆಯೇ ಹೋಗಬೇಕು.

ಮನೆಗೆ ಬಂದು ವಿಷಯ ಹೇಳಿದಾಗ ಸುನಂದಮ್ಮನೇ ಅಡ್ಡ ಬಂದರು. "ಇದು ಇರ್ಲಿ ಬಿಡ್ರಿ. ಬ್ಯಾರೇದು ಮಾಡ್ರಿ."

"ಬ್ಯಾರೇ ಡಬ್ಬಿ ಎಲ್ಲೈತಿ?"

"ಅದು ಮಾವನೋರ ಮನಿ ಬಾಗಿಲ ಕಟ್ಟಿಗಿ. ಮತ್ತ ಹುಟ್ಟಲ್ಲ."

"ಬಾಗಿಲದ ಕಟ್ಟಿಗಿ ತಂದು ಗ್ವಾಡಿ ಮಾಡಿದೋನು ನಾನೇ ಅಲ್ಲೇನು," ಎಂದರು ಮೇಷ್ಟ್ರು.

ಮರುದಿನ ಪೂಜೆಗೆ ಕುಳಿತವರು ಎಂದಿಗಿಂತ ತಡವಾಗಿ ಎದ್ದರು. ಅಂಗೈಯ ಲಿಂಗವನ್ನು ಎವೆಯಿಕ್ಕದೆ ನೋಡುವುದು ಅವರ ನಿತ್ಯದ ಅಭ್ಯಾಸ. ಅಂದು ಕಣ್ಣು ಮುಚ್ಚಿ ಕುಳಿತರು. ಮುಚ್ಚಿದರೂ ಆ ಭಾರ, ಆ ನುಣುಪು, ಆ ತಂಪು ಅಂಗೈಯಲ್ಲಿ ಇದ್ದೇ ಇದ್ದವು. ನೋಟಕ್ಕೆ ಮಾತ್ರ ಸಿಗುವ ದೇವರಾಗಿದ್ದರೆ ಎಷ್ಟು ಮಕ್ಕಳು ಅನಾಥರಾಗುತ್ತಿದ್ದರು ಎಂದು ಅವರಿಗೆ ಅನ್ನಿಸಿತು. ಹೊಸ್ತಿಲು ದಾಟಿ, ಗರಗಸದ ಹಲ್ಲನ್ನು ಬೆರಳಲ್ಲಿ ಪರೀಕ್ಷಿಸಿ, ಕಿಟಕಿಯ ಪಡಕುಗಳ ಸಾಲಿನ ಮೇಲೆಯೇ ಮೊದಲ ಎಳೆತ ಎಳೆದರು. ಸುನಂದಮ್ಮ ಬಾಗಿಲಲ್ಲಿ ನಿಂತು ನೋಡಲಾರದೆ ಹಿತ್ತಲಿಗೆ ಹೋದರು.

ಗೋಡೆ ಬಿದ್ದ ಕೂಡಲೇ ಹೆದರಿದಂತೆಯೇ ಆಯಿತು. ಡಬ್ಬಿ ಬೆಸುಗೆಯಲ್ಲಿ ಬಾಗಿತು. ಅಂಟು ಸಾಲದು, ಸ್ಟೈರೀನ್ ಸಾಲದು. ಕೊಯ್ದು ಬಿದ್ದ ಸಾಗವಾನಿಯಿಂದಲೇ ಎರಡು ಉದ್ದನೆಯ ತೊಲೆಗಳನ್ನು ಸೀಳಿ, ನೆಲದಡಿಗೆ ಈ ತುದಿಯಿಂದ ಆ ತುದಿಗೆ ಕೂರಿಸಿದರು. ಗೋಡೆ ಹೊರುತ್ತಿದ್ದ ಭಾರವನ್ನು ನೆಲ ಹೊರುವಂತಾಯಿತು. ಗೋಡೆಗಳಿಗೆ ಹಗುರವಾದ ಸ್ಟೈರೀನ್ ಬಂತು. ನಾಲ್ಕು ಬಾಗಿಲು ಕೊರೆದು ನಾಲ್ಕಕ್ಕೂ ಬಟ್ಟೆಯ ಪಟ್ಟಿಯ ತಿರುಗಣಿ ಕೊಟ್ಟರು. ಕಣ್ಣಿಗಾಗಿ ಬರೆದ ಬಣ್ಣದ ಪಟ್ಟೆಗಳನ್ನು ಪಾಲಿಶ್ ಪೇಪರಿನಿಂದ ಉಜ್ಜಿ ತೆಗೆದರು. ಜ್ಯೋತಿಲಕ್ಷ್ಮಿ ಹೊಸಪೇಟೆಯಿಂದ ಹೊರಡುವ ಮುನ್ನ ಒಂದು ಮಾತು ಹೇಳಿದ್ದಳು: ಒಂಟಿ ಸೀಟು ಯಾವ ಕೈಗೆ ಸಿಕ್ಕಿತು ಎಂಬುದು ಗೊತ್ತಾದರೆ ಯಾವ ತುದಿಯಿಂದ ಬಂದೆನೆಂಬುದು ಗೊತ್ತಾಗುತ್ತದೆ, ಉಳಿದದ್ದು ಎಣಿಕೆ. ಹಾಗಾಗಿ ಒಂಟಿ ಸೀಟುಗಳ ಅಂಚನ್ನು ಅವರು ಮೂರು ಸಲ ತಿದ್ದಿ, ಬೆರಳು ತಾಗಿದೊಡನೆ ತಿಳಿಯುವಂತೆ ಮಾಡಿದರು.

ಇಷ್ಟಾದರೂ ಚಿನ್ನಪ್ಪ ಮಗಳನ್ನು ಕಳಿಸಲಿಲ್ಲ, ಫೋನೂ ಎತ್ತಲಿಲ್ಲ. ಕೆಲಸಕ್ಕೆ ಸೇರುವ ದಿನ ಹತ್ತಿರ ಬಂದಿತ್ತು. ಮೇಷ್ಟ್ರು ಡಬ್ಬಿಯನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದರು. ಕುರುಗೋಡಿನಲ್ಲಿ ಇಳಿದು ಬಸವೇಶ್ವರನಿಗೆ ಕೈಮುಗಿದು, ಇನ್ನೊಂದು ಬಸ್ಸಿನಲ್ಲಿ ಸಿರುಗುಪ್ಪ ಸೇರಿದರು. ಚಿನ್ನಪ್ಪನ ಮನೆಯಲ್ಲಿ ಜ್ಯೋತಿಲಕ್ಷ್ಮಿಯ ಬೆರಳಿಗೆ ನಾಲ್ಕು ಬಾಗಿಲಿನ ದಾರಿಯನ್ನೂ ಮತ್ತೆ ಮತ್ತೆ ಹಿಡಿಸಿ, ಅವಳನ್ನು ಕರೆದುಕೊಂಡು ಗಿರಣಿಗೆ ನಡೆದರು.

ಹಮಾಲರು ಉಂಡು ಕುಳಿತಿದ್ದ ಹೊತ್ತು. ಮೇಷ್ಟ್ರು ಅಕ್ಕಿ ಮೂಟೆಯೊಂದರ ಮೇಲೆ ಡಬ್ಬಿ ಇಟ್ಟು ಛಾವಣಿ ತೆಗೆದರು. ಚಿನ್ನಪ್ಪ ಮುಖ ತಿರುಗಿಸಿ ನಿಂತ.

"ನನಗ ತಪ್ಪು ಕಲಿಸಾಕ ಬಂತು, ತಿದ್ದಾಕೂ ಬರ್ತೈತಿ," ಎಂದರು ಮೇಷ್ಟ್ರು. "ನೀವೇ ತಿರುಗಿಸಿ ಇಡ್ರಪ್ಪ. ಹೆಂಗ ಬೇಕಾದ್ರೂ ಇಡ್ರಿ."

ಮಲ್ಲಯ್ಯನೆಂಬ ಹಿರಿಯ ಹಮಾಲಿ ಡಬ್ಬಿಯನ್ನು ಗರಗರ ತಿರುಗಿಸಿ ಇಟ್ಟ. ಜ್ಯೋತಿಲಕ್ಷ್ಮಿಯ ಬೆರಳು ಸಿಕ್ಕ ಬಾಗಿಲಿನಿಂದ ಒಳಹೊಕ್ಕಿತು, ಒಂಟಿ ಸೀಟಿಗೆ ತಾಗಿತು, ಒಂದು ಕ್ಷಣ ತಡೆಯಿತು, ಅಂಕಣಗಳನ್ನು ಎಣಿಸುತ್ತ ಹೋಗಿ ತನ್ನ ಅಂಕಣದಲ್ಲಿ ನಿಂತಿತು. ಸರಿ. ಇನ್ನೊಬ್ಬ ತಿರುಗಿಸಿದ. ಸರಿ. ಮೂರನೆಯ ಸಲ ಯಾರೋ ಮೋಸದಿಂದ ಓಣಿಯಲ್ಲಿ ಒಂದು ಬೀಡಿಕಟ್ಟು ಅಡ್ಡ ಇಟ್ಟರು. ಅವಳು ಅದನ್ನು ಎತ್ತಿ ಮೂಸಿದಳು.

"ಇದು ಯಾರ ಲಗೇಜು? ದಾರ್ಯಾಗ ಇಡಬ್ಯಾಡ್ರಿ."

ಎಲ್ಲರೂ ನಕ್ಕರು. "ಚಿನ್ನಪ್ಪ, ನೀನೊಂದು ಸಲ ಕಣ್ಣು ಮುಚ್ಚಿ ಸೀಟು ಹುಡುಕಲೇ," ಎಂದ ಮಲ್ಲಯ್ಯ. "ಕಕ್ಕಸಿನಾಗ ಹೋಗಿ ಕುಂದರ್ತಿ."

ಚಿನ್ನಪ್ಪ ನಗಲಿಲ್ಲ. "ಆ ರೈಲಿನಾಗ ಜನ ಇರ್ತಾರ. ಇದ್ರಾಗ ಎಲ್ಲದಾರ?" ಎಂದ. "ಅವತ್ತು ಆ ಮನಷ್ಯಾ ನನ್ನ ಮಗಳಿಗೆ ಅಂದಿದ್ದು ನನ್ನ ಕಿವ್ಯಾಗ ಐತಿ ಸಾರ್."

ಮರದಿಂದಲೂ ಸ್ಟೈರೀನಿನಿಂದಲೂ ಜನರನ್ನು ಮಾಡಲು ಬರುವುದಿಲ್ಲ. ಉತ್ತರ ಕೊಟ್ಟವಳು ಮಗಳು.

"ಅಪ್ಪಾ, ಅದು ನನ್ನ ಕಿವ್ಯಾಗೂ ಐತಿ. ನಾನು ಸುಮ್ನಿದ್ದೆ, ಯಾಕಂದ್ರ ತಪ್ಪು ನಂದಿತ್ತು, ಎಲ್ಲದೀನಿ ಅಂತ ನನಗೇ ಗೊತ್ತಿರಲಿಲ್ಲ. ಗೊತ್ತಿದ್ರ ಸುಮ್ನಿರ್ತೀನಾ? ನನ್ನ ಬಾಯಿ ನಿನಗ ಗೊತ್ತಿಲ್ಲೇನು?"

"ಆ ಬಾಯಿ ಇಡೀ ಓಣಿಗೇ ಗೊತ್ತು," ಎಂದ ಮಲ್ಲಯ್ಯ.

ಚಿನ್ನಪ್ಪ ಹೆಗಲ ಮೇಲಿನ ಟವೆಲ್ಲನ್ನು ಕೊಡವಿದ, ಮತ್ತೆ ಹಾಕಿಕೊಂಡ. ಮೂಟೆಯ ಬಳಿ ಬಂದು ಕುಕ್ಕರಗಾಲಲ್ಲಿ ಕುಳಿತು, ಒರಟು ಬೆರಳೊಂದನ್ನು ಡಬ್ಬಿಯ ಬಾಗಿಲಿನಲ್ಲಿ ತೂರಿಸಿದ. ಅದು ಅಲ್ಲೇ ಸಿಕ್ಕಿಕೊಂಡಿತು. ಅವನು ತಲೆ ಎತ್ತದೆ ಹೇಳಿದ: "ಯಾವ ರೈಲಿಗೆ ಟಿಕೀಟು ಮಾಡಿಸ್ಬೇಕು ಸಾರ್?"

ಆ ದಿನ ಬಂದಾಗ ಬಳ್ಳಾರಿ ನಿಲ್ದಾಣದಲ್ಲಿ ಸುನಂದಮ್ಮ ಹುಡುಗಿಯ ಚೀಲಕ್ಕೆ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಸೇರಿಸಿ, ಹಣೆಗೆ ವಿಭೂತಿ ಇಟ್ಟರು. ರೈಲು ಬಂತು. ಡಬ್ಬಿ ಎಲ್ಲಿ ನಿಲ್ಲುತ್ತದೆಂದು ಜ್ಯೋತಿಲಕ್ಷ್ಮಿ ಯಾರೋ ಕೂಲಿಯನ್ನು ಕೇಳಿ ತಾನೇ ನಡೆದಳು. ಸಿಕ್ಕ ಬಾಗಿಲು ಹಿಡಿದಳು, ಹತ್ತಿದಳು, ಮರೆಯಾದಳು. ಚಿನ್ನಪ್ಪನ ಕಾಲು ತಾನಾಗಿ ಮುಂದೆ ಹೋಯಿತು. ಮೇಷ್ಟ್ರು ಅವನ ತೋಳು ಹಿಡಿದರು. ಅವರ ಮನಸ್ಸಿನಲ್ಲಿ ಶಿವನಾಮ ಬಿಟ್ಟು ಬೇರೇನೂ ಇರಲಿಲ್ಲ.

ಕಿಟಕಿಯ ಒಳಗಿಂದ ಅವಳ ಧ್ವನಿ ಕೇಳಿಸಿತು, ಚೂರೂ ಅವಸರವಿಲ್ಲದೆ.

"ಅಣ್ಣಾರ, ಸ್ವಲ್ಪ ಏಳ್ರಿ. ಇದು ನನ್ನ ಸೀಟು."

"ಎಲ್ಲಾ ಒಂದೇ ಐತಮ್ಮಾ, ಅತ್ಲಾಗ ಕೂತ್ಕೋ," ಎಂದಿತು ಒಂದು ಗಂಡು ಧ್ವನಿ.

"ಒಂದೇ ಆಗಿದ್ರ ನೀವೇ ಅತ್ಲಾಗ ಕೂತ್ಕೊಳ್ರಲ್ಲ. ಹಿಂದ ನಂಬರ್ ನೋಡ್ರಿ, ನನ್ನ ಟಿಕೀಟು ನೋಡ್ರಿ. ನಾನು ನೋಡಾಕಾಗಲ್ಲ, ನಿಮಗ ಕಾಣ್ತೈತಲ್ಲ."

ಎದ್ದು ಅತ್ತ ಸರಿದು ಕೂಡುವ ಸದ್ದಾಯಿತು. ಕಂಬಿಗಳ ನಡುವೆ ಅವಳ ಕೈ ಹೊರಬಂದು, ಅಪ್ಪ ಇರಬೇಕೆಂದು ಎಣಿಸಿದ ಕಡೆಗೆ ಬೀಸಿತು. ಚಿನ್ನಪ್ಪ ಆ ಕೈ ಹಿಡಿಯಲು ಹೋಗಲಿಲ್ಲ. ರೈಲು ಕದಲಿತು.

ಕೊನೆಯ ಡಬ್ಬಿ ಕಣ್ಣಿಗೆ ಸಣ್ಣದಾಗುವ ತನಕ ಅವನು ಅತ್ತಲೇ ನೋಡುತ್ತ ನಿಂತ. ಆಮೇಲೆ, "ಆ ಮನಷ್ಯಾ ಎದ್ದನಲ್ಲ ಸಾರ್," ಎಂದ.

"ಎದ್ದ."

"ತಾನಾಗೇ ಎದ್ದನಾ, ಈಕಿ ಎಬ್ಬಿಸಿದ್ಳಾ?"

"ನಿನ್ನ ಮಗಳೇ ಎಬ್ಬಿಸಿದ್ಳು," ಎಂದರು ಮೇಷ್ಟ್ರು.

ಚಿನ್ನಪ್ಪ ತಲೆದೂಗಿದ. ಗಿರಣಿಯಲ್ಲಿ ಮಧ್ಯಾಹ್ನದ ಲಾರಿ ಬರುವ ಹೊತ್ತಾಯಿತೆಂದು ಹೇಳಿ, ಸಿರುಗುಪ್ಪದ ಬಸ್ಸಿಗೆ ನಡೆದುಹೋದ.